ಹಿಂದಕ್ಕೆ ತೆಗೆದುಕೊಂಡ ಸಾಕ್ಷಿ

ನನ್ನ ಗೆಳೆಯನ ದನಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಈಗ ಹೇಳಲು ಬರುವುದಿಲ್ಲ. ದಪ್ಪಗಿತ್ತು ಎಂಬ ನೆನಪಿದೆ. ಆದರೆ ಅದು ಅವನ ಮೂಲ ದನಿಯೋ, ಗಂಟಲು ಕೆಟ್ಟ ಮೇಲಿನ ಗೊಗ್ಗರು ದನಿಯೋ ಖಾತ್ರಿಯಿಲ್ಲ. ಅವನು ಹಾಡಿದ್ದನ್ನು ಅವನ ಪ್ರಾರ್ಥನಾ ಸಭೆಯವರೊಬ್ಬರು ಮೊಬೈಲಿನಲ್ಲಿ ಹಿಡಿದಿಟ್ಟಿದ್ದರಂತೆ. ಆ ಫೋನು ಕೆಟ್ಟಾಗ ಅದೂ ಹೋಯಿತು.

ನಾನು ಧಾರವಾಡದಲ್ಲಿ ಇತಿಹಾಸ ಓದಿ, ಶಿಗ್ಗಾಂವದ ಕಾಲೇಜೊಂದರಲ್ಲಿ ಅದನ್ನೇ ಕಲಿಸುವವನು. ಒಬ್ಬನ ಮಾತನ್ನೇ ಆಧಾರವೆಂದು ಹಿಡಿಯಬೇಡಿ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳುತ್ತೇನೆ. ಇಲ್ಲಿ ಬರೆಯುತ್ತಿರುವುದಕ್ಕೆ ಮಾತ್ರ ನನ್ನೊಬ್ಬನ ನೆನಪೇ ಆಧಾರ. ಅದನ್ನು ನಾನೇ ಪೂರ್ತಿ ನಂಬುವುದಿಲ್ಲ.

ಗೆಳೆಯ ಹಿರೇಬೆಂಡಿಗೇರಿಯ ಒಕ್ಕಲುತನದ ಮನೆಯವನು. ಶಿಗ್ಗಾಂವದಲ್ಲಿ ಒಂದು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಹರೆಯದಲ್ಲಿ ಯಾರದೋ ಮನೆಯ ಪ್ರಾರ್ಥನೆಗೆ ಹೋಗಿ ಕುಳಿತವನು ಅಲ್ಲಿಂದ ಏಳಲೇ ಇಲ್ಲ ಎಂದು ಅವನ ಅಪ್ಪ ಹೇಳುತ್ತಿದ್ದರು. ನನ್ನದು ತಿರುಗುಮುರುಗು. ನಾನು ಹುಟ್ಟಿದ್ದೇ ಕ್ರೈಸ್ತರ ಮನೆಯಲ್ಲಿ, ನನ್ನ ಅಪ್ಪ ಸಭೆಯ ಹಿರಿಯರಾಗಿದ್ದರು. ಓದು ಮುಗಿಯುವ ಹೊತ್ತಿಗೆ ಪ್ರಾರ್ಥನೆ ನನ್ನಿಂದ ಬಿಟ್ಟುಹೋಗಿತ್ತು. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಒಂದು ದಿನ ಕಣ್ಣು ಮುಚ್ಚಿ ಕುಳಿತಾಗ, ಯಾರೊಂದಿಗೆ ಮಾತಾಡುತ್ತಿದ್ದೇನೆ ಎಂದು ಗೊತ್ತಾಗದೆ ಎದ್ದುಬಿಟ್ಟೆ, ಅಷ್ಟೇ.

ನಮ್ಮಿಬ್ಬರನ್ನು ಕೂಡಿಸಿದ್ದು ನನ್ನ ಮೋಟರ್ ಸೈಕಲ್ಲು. ವಾರವೆಲ್ಲ ಗಿರಣಿ ನಡೆಸುವ ಅವನು ಭಾನುವಾರ ನಾಲ್ಕು ಸಣ್ಣ ಸಭೆಗಳನ್ನು ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಶಿಗ್ಗಾಂವದಲ್ಲೇ, ಬಾಡಿಗೆಯ ಒಂದು ಖೋಲಿಯಲ್ಲಿ ಆರಾಧನೆ. ಊಟವಾದ ಮೇಲೆ ಒಂದು ವಾರ ಸವಣೂರು, ಒಂದು ವಾರ ಹಾನಗಲ್ಲ ಕಡೆ, ಇನ್ನೊಂದು ವಾರ ಹಿರೇಕೆರೂರು. ಬಸ್ಸು ಹಿಡಿದು ಹೋದರೆ ಹೋದಲ್ಲೇ ಕತ್ತಲಾಗುತ್ತಿತ್ತು. ನನಗೋ, ರಜೆಯ ದಿನ ಮನೆಯಲ್ಲಿ ಕೂರುವುದೆಂದರೆ ಮೈಗೆ ಮುಳ್ಳು. ಹೀಗಾಗಿ ನಾನು ಅವನ ಗಾಡಿಯವನಾದೆ.

"ನಂಬಿಕಿ ಇಲ್ಲದಾವನ್ನ ಹಿಂದ ಹಾಕ್ಕೊಂಡು ಸೇವಾಕ್ಕ ಹೊಂಟಿಯಲ್ಲ, ನಿಮ್ಮ ದೇವರಿಗೆ ನಡೀತೈತೇನಲೇ?" ಎಂದು ಮೊದಲ ಸಲ ಕೇಳಿದ್ದೆ.

"ನಾ ನಿನ್ನ ಹಿಂದ ಕುಂತೇನಿ, ನೀ ನನ್ನ ಹಿಂದಲ್ಲ," ಎಂದ. "ಯೇಸುಸ್ವಾಮಿನೂ ಕತ್ತೆಮರಿ ಮ್ಯಾಲ ಕುಂತ ಊರಾಗ ಬಂದ. ಅದನ್ನೇನು ನಂಬಿಕಿ ಐತೇನು ಅಂತ ಕೇಳಿದ್ನ? ಸುಮ್ಮನ ಹೊಡಿ."

ಇದನ್ನು ಅವನು ಹೇಳಿದ್ದು ಮೊದಲ ಸಲವೋ, ಆಮೇಲೆ ಎಂದೋ? ಅವನ ಹೆಂಡತಿ ಈ ಮಾತನ್ನು ಅವನು ಇನ್ನೊಬ್ಬ ಗೆಳೆಯನಿಗೆ ಹೇಳಿದ್ದೆನ್ನುತ್ತಾರೆ. ಅವರನ್ನು ನಾನು ವೈನಿ ಎನ್ನುತ್ತೇನೆ. ಕತ್ತೆ ಯಾರೇ ಆಗಿರಲಿ, ಆ ಮಾತು ನನ್ನದು ಎಂದೇ ಇಟ್ಟುಕೊಂಡಿದ್ದೇನೆ.

ಹಾನಗಲ್ಲ ಕಡೆಯ ಸಭೆ ನಡೆಯುತ್ತಿದ್ದದ್ದು ಆಡೂರಿನ ಆಚೆಯ ಒಂದು ಹಳ್ಳಿಯಲ್ಲಿ, ವಯಸ್ಸಾದ ಒಬ್ಬ ವಿಧವೆಯ ಪಡಸಾಲೆಯಲ್ಲಿ. ಎಲ್ಲರಿಗೂ ಆಕೆ ಅವ್ವ. ಆ ಊರಿನಲ್ಲಿ ಮೊದಲು ಪ್ರಾರ್ಥನೆಗೆ ಕುಳಿತವಳು ಆಕೆಯೇ. ಮನೆ ಎರಡು ಪಾಲಾಗಿ, ನಡುವಿನ ಗೋಡೆಯಾಚೆ ಆಕೆಯ ಮೈದುನನ ಸಂಸಾರವಿತ್ತು. ಜಗಳವೇನೂ ಇರಲಿಲ್ಲ. ಅವರ ಮನೆಯ ಹಬ್ಬಕ್ಕೆ ಇವಳು ಹೋಳಿಗೆ ತಟ್ಟಿಕೊಡುತ್ತಿದ್ದಳು. ಆದರೆ ಚೇಷ್ಟೆ ತಪ್ಪುತ್ತಿರಲಿಲ್ಲ. ಮಳೆ ತಡವಾದರೆ, ಎಮ್ಮೆ ಹಾಲು ಬತ್ತಿದರೆ, ಗೋಡೆಯಾಚೆಯಿಂದ ಮೈದುನನ ಮಗ ಕೂಗುತ್ತಿದ್ದ: "ದೊಡ್ಡವ್ವಾ, ನಿಮ್ಮ ಏಸಪ್ಪಗ ಒಂದ ಮಾತ ಹೇಳಬೇ!"

ನನ್ನನ್ನೂ ಆಕೆ ಬಿಡುತ್ತಿರಲಿಲ್ಲ.

"ಏನೋ ಪ್ರೊಫೆಸರಾ, ಇವತ್ತೂ ಪ್ರಾರ್ಥನ್ಯಾಗ ಕಣ್ಣ ಮುಚ್ಚಲಿಲ್ಲ ನೀ."

"ನೀವು ಮುಚ್ಚಿದ್ರ ನಾ ಮುಚ್ಚಿಲ್ಲಂತ ಹೆಂಗ ಗೊತ್ತಾತಬೇ?"

"ನಾ ಒಂದ ಕಣ್ಣ ತಗದಿರ್ತೇನಿ. ಆಕಳಾ ಹಗ್ಗ ಬಿಚ್ಚಿಕೊಂಡ ಹೋಗತಾವ. ದೇವರು ಕಾಯ್ತಾನ ಖರೆ, ಆದ್ರ ಗೊಂತಿಗೆ ಕಟ್ಟಾವರು ನಾವ ಅಲ್ಲೇನು?"

ನಮ್ಮ ಕಡೆಯ ಸಣ್ಣ ಸಭೆಗಳಲ್ಲಿ ಹಾಡು ಮುಗಿದು ವಾಕ್ಯ, ಅಂದರೆ ಬೈಬಲಿನ ಬೋಧನೆ, ಶುರುವಾಗುವ ಮುಂಚೆ ಸಾಕ್ಷಿಯ ಹೊತ್ತು ಅಂತ ಇರುತ್ತದೆ. ದೇವರು ತನಗೆ ಏನು ಮಾಡಿದ ಎಂದು ಒಬ್ಬೊಬ್ಬರೇ ಎದ್ದು ಹೇಳುತ್ತಾರೆ. ಮಗಳಿಗೆ ಗಂಡು ಕೂಡಿತು, ಜ್ವರ ಬಿಟ್ಟಿತು, ಬೋರಿನಲ್ಲಿ ನೀರು ಬಂತು. ಕುಳಿತವರು "ಸ್ತೋತ್ರ" ಎನ್ನುತ್ತಾರೆ. ಆದ ಮೇಲೆ ಹೇಳುವುದು ಎಲ್ಲರ ಪದ್ಧತಿ. ಆದರೆ ಗಟ್ಟಿ ನಂಬಿಕೆಯವರು ಕೆಲವೊಮ್ಮೆ ಆಗುವ ಮುಂಚೆಯೇ ಎದ್ದು ಆಯಿತು ಎಂದು ಹೇಳಿಬಿಡುತ್ತಾರೆ. ಬೇಡಿದ್ದು ಸಿಕ್ಕಿದೆ ಎಂದು ನಂಬಿದವರಿಗೆ ಸಿಗುತ್ತದೆ ಎಂಬ ಭರವಸೆ ಅದು. ಹಾಗೆ ಹೇಳಿದ ಮೇಲೆ ಆ ಮಾತು ಹೇಳಿದವರೊಬ್ಬರದಾಗಿ ಉಳಿಯುವುದಿಲ್ಲ. ಸ್ತೋತ್ರ ಅಂದವರೆಲ್ಲರೂ ಅದರ ಕೆಳಗೆ ಹೆಗಲು ಕೊಟ್ಟಂತೆ. ಹೇಳಿದ ಸಾಕ್ಷಿಯನ್ನು ಹಿಂದೆ ತೆಗೆದುಕೊಂಡವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಗೆಳೆಯನ ದನಿ ಒಡೆಯತೊಡಗಿದ್ದು ಮೆಣಸಿನಕಾಯಿ ಕುಟ್ಟಿಸುವ ದಿನಗಳಲ್ಲಿ. ಖಾರದ ಘಾಟು, ಹಿಟ್ಟಿನ ಧೂಳು, ಭಾನುವಾರದ ಹಾಡು ಎಂದು ನಾವೆಲ್ಲ ಒಂದೊಂದು ಕಾರಣ ಕೊಟ್ಟೆವು. ವೈನಿ ಅರಿಷಿಣದ ಹಾಲು ಕುಡಿಸಿದರು. ಬೇಸಿಗೆ ಕಳೆದರೂ ದನಿ ತಿರುಗಿ ಬರದಿದ್ದಾಗ ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಮೂಗಿನೊಳಗಿಂದ ನಳಿಕೆ ಇಳಿಸಿ ನೋಡಿ, ಒಂದು ಚೂರು ತೆಗೆದು ತಪಾಸಣೆಗೆ ಕಳಿಸಿದರು. ಫಲಿತಾಂಶ ಬಂದಾಗ ನಮ್ಮನ್ನು ಕೂರಿಸಿ ಹೇಳಿದರು: ಕೆಟ್ಟ ಗಂಟು, ಬೇಗ ಚಿಕಿತ್ಸೆ ಶುರುವಾಗಬೇಕು, ತಡವಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕಾದೀತು, ಅದಕ್ಕಿಂತಲೂ ತಡವಾದರೆ ತೆಗೆದರೂ ಕಷ್ಟ. ಊತ ಇಳಿಯಲೆಂದು ಕೆಲವು ಗುಳಿಗೆ ಬರೆದುಕೊಟ್ಟರು. ಮುಂದಿನ ವಾರ ಬಂದು ದಾಖಲಾಗಲು ಹೇಳಿದರು.

ಆ ಭಾನುವಾರ ಹಾನಗಲ್ಲ ಕಡೆಯ ಪಾಳಿ. ನಾವು ಹೋಗುವ ಮುಂಚೆಯೇ ಸುದ್ದಿ ಮುಟ್ಟಿತ್ತು. ಅವ್ವ ಅನ್ನ ಬಿಟ್ಟು ಪ್ರಾರ್ಥಿಸುತ್ತಿದ್ದಳಂತೆ. ಸಾಕ್ಷಿಯ ಹೊತ್ತಿಗೆ ಸೆರಗು ಹೊದ್ದು ಎದ್ದು ನಿಂತಳು.

"ಯವ್ವಾ ಯಪ್ಪಾ, ಎಲ್ಲಾರೂ ಕೇಳ್ರಿ. ನಮ್ಮ ಅಯ್ಯನೋರ ಗಂಟಲಾಗಿನ ಗಂಟು ಕರಗೇತಿ. ನನ್ನ ದೇವರು ನನಗ ತೋರಿಸ್ಯಾನ. ಬೆಣ್ಣಿ ಕರಗಿದಂಗ ಕರಗಿ ಹೋಗೇತಿ. ಈ ಓಣಿ ಮಂದಿಗೆಲ್ಲಾ ನಾ ಹೇಳೇನಿ. ಸ್ತೋತ್ರ!"

"ಸ್ತೋತ್ರ!" ಎಂದಿತು ಪಡಸಾಲೆ.

ನಾನು ಗೆಳೆಯನ ಮುಖ ನೋಡಿದೆ. ಅವನು ನಕ್ಕಿದ್ದ ಎಂದು ನೆನಪು. ಆ ದಿನ ಅವನ ದನಿ ನಿಜಕ್ಕೂ ಸ್ವಲ್ಪ ತಿಳಿಯಾಗಿತ್ತು. ಗುಳಿಗೆಯಿಂದ ಊತ ಇಳಿದಿತ್ತು ಎನ್ನುವುದು ನನ್ನ ಲೆಕ್ಕ. ಆದರೆ ಅವನು ವಾಕ್ಯ ಹೇಳಲು ಬಾಯಿ ತೆರೆದಾಗ ಹೆಂಗಸರು ಅಳತೊಡಗಿದರು. ಗೋಡೆಯಾಚೆಯ ಹುಡುಗನೂ ಬಂದು ಬಾಗಿಲಲ್ಲಿ ನಿಂತು ಕೇಳಿದ.

ಮುಂದಿನ ವಾರ ಅವನು ದಾಖಲಾಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಹೆದ್ದಾರಿಯ ಪಕ್ಕದ ಚಹಾದಂಗಡಿಯಲ್ಲಿ ನಾನು ಜಗಳಕ್ಕೆ ನಿಂತೆ.

"ಡಾಕ್ಟರು ಏನ್ ಹೇಳಿದ್ರು, ಕೇಳಿಸ್ತಿಲ್ಲೋ ನಿನಗ?"

"ಕೇಳಿಸ್ತು. ಗಂಟಲಾ ಕೆಟ್ಟೈತಿ, ಕಿವಿ ಅಲ್ಲ."

"ಚೇಷ್ಟಿ ಬ್ಯಾಡ. ಯಾವಾಗ ಹೋಗೂದು ಹೇಳು."

ಅವನು ಚಹಾ ಆರಲು ಬಿಟ್ಟ. ಬಿಸಿಯಿದ್ದರೆ ನುಂಗಲು ಆಗುತ್ತಿರಲಿಲ್ಲ. "ನಾ ಈಗ ಹೋಗಿ ಆಪರೇಶನ್ ಮಾಡಿಸ್ಕೊಂಡ್ರ ಅವ್ವ ಆ ಓಣ್ಯಾಗ ಹೆಂಗ ಅಡ್ಡಾಡ್ತಾಳೋ? ಊರ ತುಂಬ ಹೇಳ್ಯಾಳ. ಆಕಿ ಮಾತು ಸುಳ್ಳಾದ್ರ, ಮಂದಿ ಆಕಿಗೆ ನಗಂಗಿಲ್ಲ, ಆಕಿ ದೇವರಿಗೆ ನಗ್ತಾರ. ಸ್ವಲ್ಪ ತಡಿ. ದೇವರಿಗೂ ಟೈಮ್ ಕೊಡೂಣು."

"ದೇವರ ಕಡೆ ಬೇಕಾದಷ್ಟು ಟೈಮ್ ಐತಿ. ನಿನ್ನ ಗಂಟಲದ ಕಡೆ ಇಲ್ಲ."

"ನೀ ನಂಬೂದಿಲ್ಲ. ನಿನಗ ಸಸಾರ."

ನನಗೆ ಸಿಟ್ಟು ಬಂತು. ನಂಬಿಕೆಯಿಲ್ಲದವನಿಗೆ ಗೆಳೆಯನನ್ನು ಕಳೆದುಕೊಳ್ಳುವುದು ಸಸಾರವೇ ಎಂದು ಕೇಳಬೇಕೆನಿಸಿತು. ಕೇಳಿದೆನೋ ಇಲ್ಲವೋ. ಈ ಜಗಳ ನಾನು ಮನಸ್ಸಿನಲ್ಲಿ ಎಷ್ಟು ಸಲ ಆಡಿದ್ದೇನೆಂದರೆ, ಆ ದಿನ ಬಾಯಿಂದ ಬಂದದ್ದು ಯಾವುದು, ಆಮೇಲೆ ಸೇರಿಸಿದ್ದು ಯಾವುದು ಬೇರ್ಪಡಿಸಲು ಆಗುವುದಿಲ್ಲ.

ಇಷ್ಟೇ ಆಗಿದ್ದರೆ ಅವನು ತಡಮಾಡಿದ್ದು ಅವ್ವನಿಗಾಗಿ ಎಂದು ಬರೆದು ಮುಗಿಸಬಹುದಿತ್ತು. ಆದರೆ ಇನ್ನೊಂದು ನೆನಪಿದೆ. ಹಿರೇಕೆರೂರಿನಿಂದ ಬರುವಾಗ, ಗೋವಿನಜೋಳದ ಹೊಲಗಳ ನಡುವೆ ಗಾಡಿ ನಿಲ್ಲಿಸಿದ್ದೆವು. ಅವನು ಹೊಲದ ಕಡೆ ಮುಖ ಮಾಡಿ ಅಂದ: "ದನಿ ಹ್ವಾದ್ರ ನಾ ಏನ್ ಮಾಡಲೋ ದೋಸ್ತಾ? ಗಿರಣಿ ಸಪ್ಪಳದಾಗ ಒದರಾಕೂ ದನಿ ಬೇಕು, ದೇವರ ಮುಂದ ಹಾಡಾಕೂ ದನಿ ಬೇಕು. ನಂಗ ಅಂಜಿಕಿ ಆಗೇತಿ." ಹಾಗಾದರೆ ಅವನು ಅಂಜಿ ತಡಮಾಡಿದನೇ? ಇನ್ನು ವೈನಿಗೆ ಅವನು ಹೇಳಿದ್ದೇ ಬೇರೆ: ಪ್ರಾರ್ಥನೆಯಲ್ಲಿ ಕಾದಿರು ಎಂಬ ಮಾತು ಬಂದಿದೆ, ಕಾಯುತ್ತೇನೆ. ಮೂರೂ ಅವನವೇ ಮಾತು. ಮೂರನ್ನೂ ಅವನು ಮನಸಾರೆ ಹೇಳಿದ್ದಾನೆ ಎಂದೇ ನನ್ನ ಅನಿಸಿಕೆ.

ಅವನು ಸುಮ್ಮನೆ ಕಾಯುತ್ತ ಕೂರಲಿಲ್ಲ. ಸವಣೂರಿನಲ್ಲಿ ಒಬ್ಬರಿಗೆ ಲಕ್ವ ಹೊಡೆದಾಗ ವಾರದ ನಡುವೆಯೂ ಹೋಗಿ ಅವರನ್ನು ಎತ್ತಿ ಸ್ನಾನ ಮಾಡಿಸಿ ಬರುತ್ತಿದ್ದ. ಪ್ರಾರ್ಥನೆಯಲ್ಲಿ ತನ್ನ ಗಂಟಲನ್ನು ಬಿಟ್ಟು ಉಳಿದವರೆಲ್ಲರ ಬೇನೆಯ ಹೆಸರು ಹೇಳುತ್ತಿದ್ದ. ಹಿಂದೆ ಕೂತವನು ನನ್ನ ಬೆನ್ನಿಗೇ ಹಣೆ ಇಟ್ಟು ಪ್ರಾರ್ಥಿಸುವುದು ಗಾಡಿ ಓಡಿಸುವಾಗ ನನಗೆ ತಿಳಿಯುತ್ತಿತ್ತು. ಆ ಹೊತ್ತಿನಲ್ಲಿ ನಾನು ಗುಂಡಿ ತಪ್ಪಿಸಿ ನಿಧಾನಕ್ಕೆ ಹೋಗುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ರೊಟ್ಟಿ ನುಂಗುವುದು ನಿಂತಿತು. ವೈನಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ ಕೊಡುತ್ತಿದ್ದರು. ಆಮೇಲೆ ಅದೂ ಇಳಿಯದಾಯಿತು. ಒಂದು ದಿನ ನಾನು ಗಿರಣಿಗೆ ಹೋದರೆ ಅವನೊಬ್ಬನೇ ಇದ್ದ. ವೈನಿ ತವರಿಗೆ ಹೋಗಿದ್ದಾರೆ ಎಂದ. ಅವರು ಹೋಗಿದ್ದು ತವರಿಗಲ್ಲ. ಹಾನಗಲ್ಲ ಬಸ್ಸು ಹತ್ತಿ, ಆಡೂರಿಗೆ ಇಳಿದು, ಬಿಸಿಲಲ್ಲಿ ನಡೆದು ಅವ್ವನ ಮನೆಗೆ ಹೋಗಿದ್ದರು.

ಅಲ್ಲಿ ನಡೆದದ್ದನ್ನು ವೈನಿ ಆಮೇಲೆ ನನಗೆ ಹೇಳಿದರು. ಅವ್ವ ಭತ್ತ ತೂರುತ್ತಿದ್ದಳಂತೆ. ಬಾ ಮಗಳ ಎಂದು ಮೊರ ಕೆಳಗಿಟ್ಟು ನೀರು ತಂದುಕೊಟ್ಟಳಂತೆ. ವೈನಿ ನೀರು ಕುಡಿಯದೆ ಹೇಳಿದರಂತೆ: "ಅವ್ವಾ, ಗಂಟ ಕರಗಿಲ್ಲ. ಬೆಳದೈತಿ. ನಿಮ್ಮ ಮಾತ ಉಳಸಾಕ ಅವ್ರು ದವಾಖಾನಿಗೆ ಹೋಗವಲ್ರು."

ಅವ್ವ ಮೊರ ಎತ್ತಿಕೊಂಡು, ಉಳಿದಷ್ಟು ಭತ್ತ ತೂರಿ ಮುಗಿಸಿ, ವೈನಿಗೆ ಊಟ ಹಾಕಿ, ಬಸ್ಸಿನವರೆಗೆ ಬಂದು ಹತ್ತಿಸಿದಳಂತೆ.

ಆ ಭಾನುವಾರ ಪಾಳಿ ಬೇರೆ ಊರಿನದಿತ್ತು. ಆದರೆ ಅವ್ವ ತನ್ನಲ್ಲಿಗೇ ಬರಬೇಕೆಂದು ಫೋನಿನಲ್ಲಿ ಹೇಳಿಸಿದ್ದಳು. ಹೋದಾಗ ಪಡಸಾಲೆ ತುಂಬಿತ್ತು. ಸಭೆಯವರಲ್ಲದವರೂ ಇದ್ದರು. ಇಡೀ ಓಣಿಯನ್ನು ಆಕೆಯೇ ಮನೆಮನೆಗೆ ಹೋಗಿ ಕರೆದಿದ್ದಳು. ಹಾಡು ಮುಗಿಯಿತು. ಅವ್ವ ಎದ್ದು ನಿಂತಳು. ಗೋಡೆಗೆ ಕೈ ಊರಿದ್ದಳು.

"ನಾ ಅಂದು ಒಂದ ಸಾಕ್ಷಿ ಹೇಳಿದ್ದೆ. ಅಯ್ಯನೋರ ಗಂಟು ಕರಗೇತಿ ಅಂದಿದ್ದೆ. ಅದು ಕರಗಿಲ್ಲ. ನಾ ತಪ್ಪ ಹೇಳಿದೆ. ಎಲ್ಲಾರ ಮುಂದ ಹೇಳಿದ್ದು, ಅದಕ್ಕ ಎಲ್ಲಾರ ಮುಂದನ ಹಿಂದಕ್ಕ ತಗೋತೇನಿ."

ಯಾರೂ ಸ್ತೋತ್ರ ಅನ್ನಲಿಲ್ಲ. ಅಂಥದಕ್ಕೆ ಏನು ಅನ್ನಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿದ್ದ ಮೈದುನನ ಮಗನಿಗೆ ಮಾತ್ರ ಬಾಯಿ ತಡೆಯಲಿಲ್ಲ.

"ಏನಬೇ ದೊಡ್ಡವ್ವಾ, ಕರಗಿದ ಬೆಣ್ಣಿ ಮತ್ತ ಹೆಪ್ಪಾತೇನು?"

"ಹೂನಪಾ, ಹೆಪ್ಪಾತು," ಎಂದಳು ಅವ್ವ. "ನಗೂದಿದ್ರ ಈಗ ನಕ್ಕಬಿಡು. ನಾ ಇಲ್ಲೇ ನಿಂತೇನಿ. ನಕ್ಕ ಮುಗಿಸು, ಆಮ್ಯಾಲೆ ನಿನ್ನ ಗಾಡಿ ತಗಿ. ಇವರನ್ನ ಇವತ್ತ ಹುಬ್ಬಳ್ಳಿಗೆ ಮುಟ್ಟಸಬೇಕು."

ಅವನು ನಗಲಿಲ್ಲ. ತನ್ನ ಗೂಡ್ಸ್ ಗಾಡಿಯಲ್ಲಿ ಹಾಸಿಗೆ ಹಾಸಿದ.

ಗೆಳೆಯ ಅವ್ವನ ಹತ್ತಿರ ಹೋಗಿ ಏನೋ ಹೇಳಲು ನೋಡಿದ. ಆಗಲೇ ದನಿ ಬರೀ ಗಾಳಿಯಾಗಿತ್ತು. ಅವ್ವ ಅವನ ಬಾಯಿಗೆ ಕೈ ಅಡ್ಡ ಹಿಡಿದು, "ಏನೂ ಹೇಳಬ್ಯಾಡ ನನ್ನಪ್ಪ. ಹತ್ತು," ಎಂದಳು.

ಹುಬ್ಬಳ್ಳಿಯ ಡಾಕ್ಟರು ನಮ್ಮನ್ನು ಬೈಯಲಿಲ್ಲ. ಅವರು ಹೇಳಿದ ಒಂದು ಮಾತನ್ನು ಮಾತ್ರ ನಾನು ಎರಡು ಥರ ನೆನಪಿಟ್ಟುಕೊಂಡಿದ್ದೇನೆ. ಒಂದರಲ್ಲಿ ಅವರು, ಮೊದಲೇ ಬಂದಿದ್ದರೆ ದನಿಯನ್ನೂ ಉಳಿಸಬಹುದಿತ್ತು ಎನ್ನುತ್ತಾರೆ. ಇನ್ನೊಂದರಲ್ಲಿ, ಇದು ಬಲು ಬೇಗ ಬೆಳೆಯುವ ಜಾತಿ, ಮೊದಲು ಬಂದಿದ್ದರೂ ನಾನು ಭರವಸೆ ಕೊಡುತ್ತಿರಲಿಲ್ಲ ಎನ್ನುತ್ತಾರೆ. ಎರಡರಲ್ಲೂ ಅದೇ ಕುರ್ಚಿ, ಮೇಜಿನ ಮೇಲೆ ಅದೇ ಪ್ಲಾಸ್ಟಿಕ್ಕಿನ ಗಂಟಲಿನ ಮಾದರಿ. ವೈನಿಯನ್ನು ಕೇಳಿದರೆ, ಡಾಕ್ಟರು ದೇವರ ಮೇಲೆ ಭಾರ ಹಾಕಿ ಅಂದರಷ್ಟೆ ಎನ್ನುತ್ತಾರೆ. ತಿರುಗಿ ಹೋಗಿ ಡಾಕ್ಟರನ್ನೇ ಕೇಳಬಹುದಿತ್ತು. ನಾನು ಹೋಗಿಲ್ಲ.

ದನಿಪೆಟ್ಟಿಗೆ ತೆಗೆದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಅದರ ಮೇಲೆ ವೈನಿ ಬಿಳಿ ಅರಿವೆಯ ತುಂಡು ಕಟ್ಟುತ್ತಿದ್ದರು. ಗಿರಣಿಯ ಧೂಳಿಗೆ ಹೋಗುವಂತಿರಲಿಲ್ಲ, ಅದನ್ನು ಬೇರೆಯವರಿಗೆ ಕೊಟ್ಟರು. ಆದರೂ ಸ್ವಲ್ಪ ಚೇತರಿಸಿಕೊಂಡ ಕೂಡಲೇ ಭಾನುವಾರ ಗಾಡಿಯ ಹಿಂದೆ ಬಂದು ಕುಳಿತ. ವಾಕ್ಯವನ್ನು ಮೊಬೈಲಿನಲ್ಲಿ ಬರೆದು, ಫೋನೇ ಓದುವ ಹಾಗೆ ಮಾಡಿಕೊಂಡಿದ್ದ. ಫೋನಿನೊಳಗಿಂದ ಬೆಂಗಳೂರಿನ ಶಾಲೆಯ ಟೀಚರಂತೆ ಒಬ್ಬ ಹೆಣ್ಣುಮಗಳು ಅವನ ಬೋಧನೆ ಓದುತ್ತಿದ್ದಳು. ಮೊದಲ ಸಲ ಸವಣೂರಿನಲ್ಲಿ ಎಲ್ಲರೂ ನಕ್ಕರು. ಅವನೂ ನಕ್ಕ, ಸದ್ದಿಲ್ಲದೆ, ಹೆಗಲು ಕುಣಿಸಿ. ಯಾರೋ, "ಅಯ್ಯಾರ, ನಿಮಗಿಂತ ಈಕಿ ಚಲೋ ಓದ್ತಾಳರಿ," ಎಂದರು. ಅವನು ತಟಕ್ಕನೆ ಏನೋ ಒತ್ತಿದ. ಫೋನಿನ ಹೆಣ್ಣುಮಗಳು, "ಹಾಗಾದರೆ ಕಾಣಿಕೆ ಅವಳಿಗೇ ಹಾಕಿರಿ," ಎಂದಳು.

ಅವ್ವನ ಮನೆಗೂ ಹೋದೆವು. ಆಕೆ ಅವನ ಕುತ್ತಿಗೆಯ ಬಿಳಿ ಅರಿವೆಯನ್ನು ನೋಡಿದಳು, ಅದರತ್ತ ಮತ್ತೆ ನೋಡಲಿಲ್ಲ. ಅವನು ಬರುವ ದಿನ ಗಂಜಿ ಕಾಯಿಸಿ, ಅರಿವೆಯಲ್ಲಿ ಸೋಸಿ, ಆರಿಸಿ ಇಟ್ಟಿರುತ್ತಿದ್ದಳು.

ಬೇನೆ ತಿರುಗಿ ಬಂತು. ಈ ಸಲ ಎಲ್ಲಿಯೂ ಸಾಕ್ಷಿ ಹೇಳುವವರಿರಲಿಲ್ಲ. ಕೊನೆಯ ದಿನಗಳಲ್ಲಿ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ, ಇನ್ನೂ ನಂಬುತ್ತೀಯೇನು ಎಂದು ಕೇಳಿದೆ. ಕ್ರೂರವಾದ ಪ್ರಶ್ನೆ ಎಂದು ಈಗ ಅನಿಸುತ್ತದೆ, ಆಗ ನನಗೆ ನಿಜವಾಗಿ ತಿಳಿಯಬೇಕಿತ್ತು. ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ಫೋನು ತೆಗೆದುಕೊಂಡು ಒಂದು ಸಾಲು ಬರೆದು ನನ್ನತ್ತ ಹಿಡಿದ, ಓದಿಸಲಿಲ್ಲ: ಸಿಟ್ಟು ಬರ್ತೈತಿ, ಆದರೂ ನಂಬ್ತೇನಿ. ಕೆಲವು ದಿನಗಳ ಮೇಲೆ ತೀರಿಕೊಂಡ. ನಾಲ್ಕೂ ಊರಿನವರು ಬಂದರು. ಹಿರೇಬೆಂಡಿಗೇರಿಯಿಂದ ಬಂದ ಅವನ ಅಣ್ಣತಮ್ಮಂದಿರು, ಸಭೆಯ ಪದ್ಧತಿ ಏನೆಂದು ಕೇಳಿ ಕೇಳಿ, ಎಲ್ಲರಿಗಿಂತ ಮುಂದೆ ನಿಂತು ಮಣ್ಣು ಹಾಕಿದರು.

ಅದಾದ ಮೇಲಿನ ಒಂದು ಭಾನುವಾರ ನಾನೊಬ್ಬನೇ ಹಾನಗಲ್ಲ ಕಡೆ ಹೋದೆ. ಇನ್ನೂ ಬೇರೆ ಪಾಸ್ಟರು ಗೊತ್ತಾಗಿಲ್ಲ, ಸದ್ಯ ನೀವೇ ಕೂಡಿ ಪ್ರಾರ್ಥನೆ ಮಾಡಿಕೊಳ್ಳಿ ಎಂದು ಹೇಳಿ ಬರುವುದಿತ್ತು. ಫೋನು ಮಾಡಿದರೂ ಆಗುತ್ತಿತ್ತು. ಮಂದಿ ಬರುವ ಮುಂಚೆ ಅವ್ವ ಚಾಪೆ ಹಾಸುತ್ತಿದ್ದಳು. ಅರ್ಧ ಸುತ್ತಿದ್ದ ಚಾಪೆಯ ಮೇಲೆ ಹಾಗೇ ಕುಳಿತಳು.

"ಬಾ, ಕುಂದ್ರು. ಒಂದ ಮಾತ ಕೇಳ್ತೇನಿ, ಖರೇ ಹೇಳು. ನಾ ಆ ಸಾಕ್ಷಿ ಹೇಳದಿದ್ರ ನನ್ನಪ್ಪ ಮದಲ ದವಾಖಾನಿಗೆ ಹೋಗ್ತಿದ್ನೇನು? ಉಳೀತಿದ್ನೇನು?"

ಈ ಪ್ರಶ್ನೆ ಬರುತ್ತದೆಂದು ಗಾಡಿಯ ಮೇಲೆ ಬರುವಾಗಲೇ ಗೊತ್ತಿತ್ತು. ಇಲ್ಲ ಎಂದು ಹೇಳಲು ಸಿದ್ಧನಾಗಿದ್ದೆ. ಆಕೆಯ ಮುಂದೆ ಕುಳಿತಾಗ ಚಹಾದಂಗಡಿ ನೆನಪಾಯಿತು, ಗೋವಿನಜೋಳದ ಹೊಲ ನೆನಪಾಯಿತು, ಡಾಕ್ಟರ ಎರಡೂ ಮಾತು ನೆನಪಾದವು.

"ಗೊತ್ತಿಲ್ಲಬೇ," ಎಂದೆ. "ದೇವರಾಣಿ ಗೊತ್ತಿಲ್ಲ."

"ದೇವರ ಆಣಿ ಯಾಕ ಹಾಕ್ತೀ? ನಿನಗ ಆವಾ ಇಲ್ಲ." ಸಿಟ್ಟಿನಿಂದ ಅಂದದ್ದಲ್ಲ. "ಓದಿದಾವರಿಗೆ ಗೊತ್ತಿಲ್ಲ ಅನ್ನೂದು ಭಾಳ ಸಸಾರ."

"ಖರೇನ ಗೊತ್ತಿಲ್ಲ. ಅವಾ ಒಂದೊಂದ ಸಲ ಒಂದೊಂದ ಹೇಳಿದ. ಡಾಕ್ಟರು ಏನ್ ಹೇಳಿದ್ರು ಅನ್ನೂದೂ ನನಗ ನೆಟ್ಟಗ ನೆನಪಿಲ್ಲ." ಆಕೆ ನಂಬಿದಂತೆ ಕಾಣಲಿಲ್ಲ. ನನ್ನಲ್ಲಿ ಖಾತ್ರಿಯಾಗಿ ಇದ್ದದ್ದು ಒಂದೇ, ಅದನ್ನು ಕೊಟ್ಟೆ. "ಒಂದ ಮಾತ್ರ ಗೊತ್ತೈತಿ ಅವ್ವಾ. ಅವನಿಗೆ ನಿಮ್ಮ ಮ್ಯಾಲ ಒಂದ ಕಾಳಷ್ಟೂ ಸಿಟ್ಟ ಇರಲಿಲ್ಲ."

"ಅದು ನನಗೂ ಗೊತ್ತೈತಿ," ಎಂದಳು. "ನಾ ಅದನ್ನ ಕೇಳಿಲ್ಲ."

ಮಂದಿ ಬರತೊಡಗಿದರು. ಅವ್ವ ಎದ್ದು ಉಳಿದ ಚಾಪೆ ಬಿಡಿಸಿದಳು. ಪಾಸ್ಟರು ಇಲ್ಲದ್ದರಿಂದ ವಾಕ್ಯವನ್ನಾದರೂ ಓದು ಎಂದು ನನಗೇ ಹೇಳಿದರು. ಓದಬಲ್ಲವರು ಅಲ್ಲಿ ಇನ್ನೂ ಇದ್ದರು, ಆದರೂ ನಾನು ಬೇಡವೆನ್ನಲಿಲ್ಲ. ಹಾಡಿದರು. ಹಾಡು ಮುಗಿದು ಸಾಕ್ಷಿಯ ಹೊತ್ತು ಬಂತು. ಆ ಮನೆಯಲ್ಲಿ ಯಾವಾಗಲೂ ಮೊದಲು ಏಳುತ್ತಿದ್ದವಳು ಅವ್ವ. ಆಕೆ ಎದ್ದು ಹೇಳಿ ಕುಳಿತ ಮೇಲೆಯೇ ಉಳಿದವರು. ಎಲ್ಲರೂ ಆಕೆಯ ಕಡೆ ನೋಡಿದರು. ಆಕೆ ಸೆರಗು ಮುಂದೆಳೆದುಕೊಂಡು ಚಾಪೆಯ ಅಂಚನ್ನು ನೋಡುತ್ತಿದ್ದಳು. ಆಕಳ ಕೊರಳ ಗಂಟೆ ಕೇಳಿಸುತ್ತಿತ್ತು. ಆಕೆ ಎದ್ದು ಏನಾದರೂ ಹೇಳಲಿ, ಎಮ್ಮೆ ಕರು ಹಾಕಿತೆಂದಾದರೂ ಹೇಳಲಿ ಎಂದು ನಾನೂ ಕಾದೆ. ಆಕೆ ಏಳಲಿಲ್ಲ. ಆಕೆಗಿಂತ ಮೊದಲು ಬೇರೆ ಯಾರೂ ಏಳಲಿಲ್ಲ.